ಪ್ರೀಮಿಯರ್ ಪದ್ಮಿನಿ, ವ್ಯಾಗನ್ ಆರ್: ಚಿಕ್ಕಬಳ್ಳಾಪುರದ ಕಡೆ ಎರಡನ್ನೂ ಓಡಿಸುವವರ ಲೆಕ್ಕ

ಮನೆಗೆ ಒಂದೇ ಕಾರು ಸಾಕು ಅನ್ನುವವರು ವ್ಯಾಗನ್ ಆರ್ ತಗೊಳ್ಳಿ. ಹಳೆಯ ಕಾಲದ ಪದ್ಮಿನಿ ಎರಡನೇ ಕಾರಾಗಿ ಇರಲಿ, ಅದೂ ಬಾನೆಟ್ ಎತ್ತಿ ಕೈ ಮಸಿ ಮಾಡಿಕೊಳ್ಳುವ ಆಸೆಯಿದ್ದರೆ. ಅಂಥವರಿಗೆ ಅದರಷ್ಟು ಖುಷಿ ಕೊಡುವ ಗಾಡಿ ಇನ್ನೊಂದಿಲ್ಲ.

ನಂದಿ ಬೆಟ್ಟ ಹತ್ತಿಸಿದರೆ ಎರಡರ ಗುಣವೂ ತಿಳಿಯುತ್ತದೆ. ಪದ್ಮಿನಿಯದು 1089 ಸಿಸಿ, ವ್ಯಾಗನ್ ಆರ್‌ನ ಚಿಕ್ಕ ಎಂಜಿನ್ 998 ಸಿಸಿ. ಎರಡನೇ ಗೇರಿನಲ್ಲಿ ಪದ್ಮಿನಿ ಸಲೀಸಾಗಿ ಏರುತ್ತದೆ, ಕಾಟ ಕೊಡುವುದು ಬಿಸಿ. ಅದರ ಫ್ಯಾನ್ ಬೆಲ್ಟಿನಲ್ಲಿ ತಿರುಗುವುದರಿಂದ, ಭಾನುವಾರದ ಗಾಡಿಗಳ ಸಾಲಿನಲ್ಲಿ ಎಂಜಿನ್ ನಿಧಾನವಾದಾಗ ಗಾಳಿಯೂ ಕಡಿಮೆಯಾಗುತ್ತದೆ. ವ್ಯಾಗನ್ ಆರ್‌ನ ಫ್ಯಾನ್ ಕರೆಂಟಿನದು, ನಿಂತಲ್ಲೂ ಪೂರ್ತಿ ವೇಗದಲ್ಲಿ ಓಡುತ್ತದೆ. ಪದ್ಮಿನಿಯ ಪೆಟ್ರೋಲ್ ಪಂಪ್ ಎಂಜಿನ್ನಿಗೇ ಅಂಟಿಕೊಂಡಿರುವುದರಿಂದ ಬಿಸಿಗೆ ಪೆಟ್ರೋಲ್ ಆವಿಯಾಗಿ ಗಾಡಿ ನಿಂತುಬಿಡಬಹುದು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ಹದಿನೈದು ನಿಮಿಷ ಬಿಡಿ, ಮತ್ತೆ ಸ್ಟಾರ್ಟ್ ಆಗುತ್ತದೆ.

ನಮ್ಮ ಕಡೆಯ ಅಸಲಿ ಶತ್ರು ಬೋರ್‌ವೆಲ್ ನೀರು. ಈ ಗಡಸು ನೀರು ಕಾದಾಗ ಅದರಲ್ಲಿನ ಸುಣ್ಣ ರೇಡಿಯೇಟರ್ ಕೊಳವೆಗಳ ಒಳಗೆ ಬಿಳಿ ಪದರವಾಗಿ ಕೂರುತ್ತದೆ. ಕೆಳಭಾಗ ತಣ್ಣಗೇ ಇದ್ದು ಮೇಲೆ ಮಾತ್ರ ಸುಡುತ್ತಿದ್ದರೆ ಕೊಳವೆ ಕಟ್ಟಿರುವ ಸಾಧ್ಯತೆ ಹೆಚ್ಚು. ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಅರ್ಧರ್ಧ ಹಾಕಿ. ವ್ಯಾಗನ್ ಆರ್‌ಗೂ ನಲ್ಲಿ ನೀರು ಸುರಿಯಬೇಡಿ.

ಇಳಿಜಾರಿನಲ್ಲಿ ಎಚ್ಚರ ಬೇಕು. ಪದ್ಮಿನಿಯ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ತುಳಿಯುತ್ತಲೇ ಇಳಿದರೆ ಕಾದು ಹಿಡಿತ ಬಿಡುತ್ತವೆ, ಹಾಗಾಗಿ ಎರಡನೇ ಗೇರಿನಲ್ಲೇ ಇಳಿಸಿ. ಮುಂದೆ ಡಿಸ್ಕ್, ಜೊತೆಗೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರುವ ವ್ಯಾಗನ್ ಆರ್‌ಗೆ ಇಲ್ಲಿ ಸರಿಸಾಟಿಯಿಲ್ಲ.

ಎಥನಾಲ್ ಬೆರೆತ ಪೆಟ್ರೋಲಿಗೆ ಪದ್ಮಿನಿಯ ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ (ಒಳಗಿನ ತೆಳು ರಬ್ಬರ್ ಪೊರೆ) ಉಬ್ಬಿ ಬಿರುಕು ಬಿಡುತ್ತವೆ. ಅವನ್ನು ಎಥನಾಲ್ ತಡೆಯುವ ಮಾದರಿಗೆ ಬದಲಿಸಿ. ವಾರಗಟ್ಟಲೆ ನಿಲ್ಲಿಸುವುದಿದ್ದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನ ಬಟ್ಟಲು ಖಾಲಿ ಮಾಡಿ. ಸ್ಪಾರ್ಕ್ ಹುಟ್ಟಿಸಲು ಡಿಸ್ಟ್ರಿಬ್ಯೂಟರಿನಲ್ಲಿ ತೆರೆದು ಮುಚ್ಚುವ ಪಾಯಿಂಟುಗಳ ಗ್ಯಾಪ್ ಸುಮಾರು 0.45 ಮಿ.ಮೀ. ಇರಲಿ. ಮುಂಭಾಗದ ಗ್ರೀಸ್ ತುಂಬುವ ನಿಪ್ಪಲ್‌ಗಳಿಗೆ ಗ್ರೀಸ್ ತಪ್ಪಿಸಿದರೆ ಸ್ಟೀರಿಂಗ್ ಬಿಗಿಯಾಗುತ್ತದೆ.

ಪದ್ಮಿನಿ ಲೀಟರಿಗೆ 10–12 ಕಿ.ಮೀ. ಕೊಟ್ಟರೆ ಟ್ಯೂನಿಂಗ್ ಚೆನ್ನಾಗಿದೆ ಎಂದರ್ಥ. ವ್ಯಾಗನ್ ಆರ್ 17ಕ್ಕಿಂತ ಕೆಳಗಿಳಿದರೆ ಏರ್ ಫಿಲ್ಟರ್ ನೋಡಿ. ಅದನ್ನು ಹುಲ್ಲಿನ ಬಣವೆ ಪಕ್ಕ ನಿಲ್ಲಿಸಿದರೆ ಇಲಿ ವೈರ್ ಕಡಿಯುತ್ತದೆ, ಆಮೇಲೆ ದೋಷ ಓದುವ ಸ್ಕ್ಯಾನರ್ ಇರುವ ಗ್ಯಾರೇಜಿಗೇ ಹೋಗಬೇಕು. ಎತ್ತರದ ಬಾಡಿಯಾದ್ದರಿಂದ ವ್ಯಾಗನ್ ಆರ್ ಬಾಗೇಪಲ್ಲಿ ಹೆದ್ದಾರಿಯಲ್ಲಿ ಅಡ್ಡಗಾಳಿಗೆ ಸ್ವಲ್ಪ ತೂಗಾಡುತ್ತದೆ.

ಕಾನೂನಿನ ಪ್ರಕಾರ ವಿಂಟೇಜ್ ಎನಿಸಿಕೊಳ್ಳಲು 50 ವರ್ಷ ದಾಟಿರಬೇಕು; ಆ ನೋಂದಣಿಯ ಕಾರನ್ನು ದಿನವೂ ಓಡಿಸುವಂತಿಲ್ಲ. ಎಂಬತ್ತರ ದಶಕದ ಪದ್ಮಿನಿಗೆ ಸಾಮಾನ್ಯ ಆರ್‌ಸಿಯನ್ನೇ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಕೊಳ್ಳುವಾಗ ಕಾರ್ಪೆಟ್ ಎತ್ತಿ ತಳದ ತುಕ್ಕು ನೋಡಿ, ಚಾಸಿ ನಂಬರ್ ಆರ್‌ಸಿಗೆ ಹೊಂದುತ್ತದೆಯೇ ಎಂದು ಅಕ್ಷರ ಅಕ್ಷರ ತಾಳೆ ಹಾಕಿ, ಆಮೇಲೆ ಮುಂಗಡ ಕೊಡಿ.