ವಾರ್ಡಿನ ಹಸಿ ಕಸ: ಗುತ್ತಿಗೆ, ಸಿಎಸ್‌ಆರ್, ಸ್ವಸಹಾಯ ಸಂಘ – ಯಾವುದು ವಾಸಿ?

ಚಿಕ್ಕಮಗಳೂರಿನ ಕಸ ನಗರಸಭೆ ಒಂದರಿಂದಲೇ ಬಗೆಹರಿಯುವ ವಿಷಯವಲ್ಲ. ಶನಿವಾರ, ಭಾನುವಾರ ಮುಳ್ಳಯ್ಯನಗಿರಿ ಕಡೆ ಹೋಗುವವರು ಊಟ ತಿಂಡಿಗೆ ನಮ್ಮ ಊರಿನ ಹೋಟೆಲಿಗೇ ಬರುತ್ತಾರೆ. ಆ ಎಂಜಲೂ ಮನೆಗಳ ಕಸವೂ ಸೇರಿ ಇಂದಾವರದ ಕಸ ವಿಲೇವಾರಿ ಘಟಕಕ್ಕೆ ಹೋಗಬೇಕು. ಹಾಗಾಗಿ ಇನ್ನೊಬ್ಬರ ಕೈ ಬೇಕೇ ಬೇಕು. ಯಾರದ್ದು ಅನ್ನೋದೇ ಪ್ರಶ್ನೆ. ಬಡಾವಣೆ ಸಂಘದಲ್ಲಿದ್ದುಕೊಂಡು ಮೂರು ಬಗೆಯನ್ನೂ ಹತ್ತಿರದಿಂದ ನೋಡಿದ್ದೇನೆ.

ಮೊದಲು ಖಾಸಗಿ ಗುತ್ತಿಗೆ. ಗಾಡಿ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಬೀದಿ ಚೊಕ್ಕಟವಾಗಿತ್ತು. ಆದರೆ ಬಿಲ್ಲು ತೂಕದ ಲೆಕ್ಕದಲ್ಲಿ. ಹಸಿ, ಒಣ, ಅಪಾಯಕಾರಿ ಅಂತ ಮನೆಯಲ್ಲೇ ಮೂರು ಭಾಗ ಮಾಡಬೇಕು ಎಂದು 2016ರ ಘನತ್ಯಾಜ್ಯ ನಿಯಮ ಹೇಳಿತ್ತು. ನಾವು ಬೇರೆ ಮಾಡಿ ಕೊಟ್ಟದ್ದು ಗಾಡಿಯಲ್ಲಿ ಮತ್ತೆ ಒಂದಾಗುತ್ತಿತ್ತು. ಕಸ ಕಮ್ಮಿಯಾದರೆ ದುಡ್ಡೂ ಕಮ್ಮಿ ಅಂದಮೇಲೆ ಬೇರ್ಪಡಿಸಲು ಯಾರಿಗೆ ಮನಸ್ಸು ಬರುತ್ತದೆ?

ಆಮೇಲೆ ಬಂದದ್ದು ಕಂಪನಿಯೊಂದರ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಇಂಥ ಕೆಲಸಕ್ಕೆ ಕೊಡಬೇಕು. ಗೊಬ್ಬರ ಮಾಡುವ ಯಂತ್ರ ಬಂತು, ಬೋರ್ಡು ಬಂತು, ಉದ್ಘಾಟನೆಯೂ ಆಯಿತು. ಕರೆಂಟ್ ಬಿಲ್ ಯಾರು ಕಟ್ಟಬೇಕು, ನಡೆಸುವವರಿಗೆ ಸಂಬಳ ಎಲ್ಲಿಂದ ಅನ್ನೋದು ಮಾತ್ರ ಕಾಗದದಲ್ಲಿ ಇರಲಿಲ್ಲ. ಒಂದು ಬೇರಿಂಗ್ ಹೋಗಿದ್ದಕ್ಕೇ ಯಂತ್ರ ನಿಂತಿತು. ಕಂಪನಿಯವರ ಮನಸ್ಸು ಒಳ್ಳೆಯದೇ. ಆದರೆ ಮುಂದುವರಿಯುವ ಯೋಜನೆಗೂ ನಿಯಮದಲ್ಲಿ ಶುರುವಾದ ವರ್ಷ ಬಿಟ್ಟು ಮೂರೇ ವರ್ಷ ಅವಕಾಶ. ಕಸಕ್ಕೆ ಅಂಥ ಗಡುವು ಇಲ್ಲವಲ್ಲ.

ನನಗೆ ಹಿಡಿಸಿದ್ದು ಮೂರನೆಯದು. ನಗರಸಭೆಯಿಂದ ಆಟೋ, ಕೈಗವಸು. ನಮ್ಮ ಸಂಘದಿಂದ ಜಾಗ. ಹೋಟೆಲಿನವರಿಂದ ತಿಂಗಳಿಗಿಷ್ಟು ಅಂತ ದುಡ್ಡು. ಕೆಲಸ ಮಹಿಳಾ ಸ್ವಸಹಾಯ ಸಂಘದ್ದು. ಗೊಬ್ಬರ ಮಾರಿದ ಹಣವೂ ಅವರದ್ದೇ. ಕೊಳ್ಳುವವರು ಸುತ್ತಲಿನ ಕಾಫಿ ತೋಟದವರು.

ಅಲ್ಲಿ ಒಮ್ಮೆ ನಿಂತು ನೋಡಬೇಕು. ಒಂದು ಪದರ ಹಸಿ ಕಸ, ಅದರ ಮೇಲೆ ತೋಟದಿಂದ ತಂದ ಒಣ ಎಲೆ, ಸ್ವಲ್ಪ ಸಗಣಿ ನೀರು. ಸಿಲ್ವರ್ ಓಕ್ ಎಲೆ ಗಟ್ಟಿ, ಬೇಗ ಕೊಳೆಯಲ್ಲ. ಅದಕ್ಕೇ ಹಾಲವಾಣದ ಎಲೆ ಕೇಳಿ ತರಿಸುತ್ತಾರೆ. ರಾಶಿಯೊಳಗೆ ಕಬ್ಬಿಣದ ಸರಳು ಚುಚ್ಚಿಟ್ಟು, ಹೊರಗೆಳೆದು ಮುಟ್ಟಿ ನೋಡುತ್ತಾರೆ. ಸುಡುವಷ್ಟು ಬಿಸಿ ಇದ್ದರೆ ಸರಿ. ತಣ್ಣಗಿದ್ದರೆ ಗಾಳಿ ಆಡುತ್ತಿಲ್ಲ ಅಂತ ತಿರುವಿ ಹಾಕುತ್ತಾರೆ.

ಒಂದು ದಿನ ಹೋಟೆಲಿನ ಡ್ರಮ್ಮಿನಲ್ಲಿ ಪ್ಲಾಸ್ಟಿಕ್ ಕವರ್ ಸಿಕ್ಕಿತು. ಸಂಘದ ಹಿರಿಯಕ್ಕ ಡ್ರಮ್ ಇಳಿಸಿಕೊಳ್ಳಲೇ ಇಲ್ಲ. ‘ಕವರ್ ತೆಗೆದು ಕಳಿಸಿ ಅಣ್ಣಾ, ಸಾಂಬಾರ್ ನೀರೂ ಬಸಿದು ಕೊಡಿ’ ಅಂದರು. ಹೋಟೆಲಿನವರು ತಿಂಗಳ ಸಭೆಯಲ್ಲಿ ಗೊಣಗಿದರು. ಅಲ್ಲೇ ಎಲ್ಲರ ಎದುರಿಗೆ ಮಾತಾಯಿತು, ಮರುದಿನದಿಂದ ಡ್ರಮ್ ಸರಿಯಾಗಿ ಬಂತು. ಗುತ್ತಿಗೆಯಲ್ಲಿ ಆಗದ್ದು, ಯಂತ್ರದಿಂದಲೂ ಆಗದ್ದು ಇದೇ ಅಲ್ವಾ? ಕಸ ಮುಟ್ಟುವವರಿಗೆ ಬೇಡ ಅನ್ನುವ ಹಕ್ಕು ಇರಬೇಕು. ಕಸ ಚೆನ್ನಾಗಿ ಬಂದರೆ ಅವರಿಗೇ ನಾಲ್ಕು ಕಾಸು ಜಾಸ್ತಿ ಸಿಗಬೇಕು.

ಕೊರತೆ ಇಲ್ಲ ಅಂತಲ್ಲ. ಊರಿಗೆಲ್ಲ ಇದು ಸಾಲದು. ಒಣ ಕಸ ಸಾಗಿಸಲು ಗುತ್ತಿಗೆ ಬೇಕೇ ಬೇಕು, ಆದರೆ ತೂಕದ ಬದಲು ಬೇರ್ಪಡಿಸಿ ತಂದ ಮನೆಗಳ ಲೆಕ್ಕದಲ್ಲಿ ಬಿಲ್ಲು ಆಗಲಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ರಾಶಿ ನೆನೆದು ನಾರುತ್ತದೆ, ಅಕ್ಕಪಕ್ಕದ ಮನೆಯವರ ಬೈಗುಳ ಆ ಹೆಂಗಸರಿಗೆ. ಸಿಎಸ್‌ಆರ್ ಹಣ ಹೇಳಿ ಮಾಡಿಸಿದಂತಿರುವುದು ಇಲ್ಲೇ: ಒಂದು ಗಟ್ಟಿ ಶೀಟಿನ ಮಾಡು, ನೀರು ಹರಿದುಹೋಗಲು ಸಿಮೆಂಟಿನ ನೆಲ. ಒಂದೇ ಸಲದ ಖರ್ಚು, ಕರೆಂಟೂ ಬೇಡ. ಆರಿದ್ರೆ ಮಳೆ ಹಿಡಿಯುವ ಮೊದಲು ಅದನ್ನು ಯಾರಾದರೂ ಮಾಡಿಸಿಕೊಡಬೇಕು.