ನಾನು ನುಂಗಿದ ನಾಲ್ಕು ಮಾತ್ರೆಗಳು: ಹ್ಯಾಲೊಪೆರಿಡಾಲ್‌ನಿಂದ ಅರಿಪಿಪ್ರಜೋಲ್‌ವರೆಗೆ

ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಗೆ ಯಾವ ಮಾತ್ರೆ ಒಳ್ಳೆಯದು ಎಂದು ಕೇಳುವವರಿಗೆ ಬೇಕಾಗಿರುವುದು ಸಾಮಾನ್ಯವಾಗಿ ಒಂದೇ ಉತ್ತರ: ಯಾವುದರಿಂದ ಕಿವಿಯಲ್ಲಿನ ಧ್ವನಿಗಳು ನಿಲ್ಲುತ್ತವೆ? ನನ್ನ ಮಟ್ಟಿಗೆ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಒಲಾಂಜಪೈನ್, ಅರಿಪಿಪ್ರಜೋಲ್ ನಾಲ್ಕೂ ಧ್ವನಿಗಳನ್ನು ಅಡಗಿಸಿದವು. ಜಗಳವಿರುವುದು ಆಮೇಲಿನ ಬದುಕಿನಲ್ಲಿ. ನಾನು ಧಾರವಾಡದಲ್ಲಿ ಪುಸ್ತಕಗಳ ಕರಡು ತಿದ್ದುವವಳು. ಹದಿನಾರು ಪುಟಗಳ ಒಂದು ಫಾರಂ ಅನ್ನು ನಡುವೆ ಏಳದೆ ಓದಿ ಮುಗಿಸಬಲ್ಲೆನೇ ಎಂಬುದೇ ನನ್ನ ಅಳತೆಗೋಲು. ವೈದ್ಯರ ಅಳತೆ ಬೇರೆ ಇರುತ್ತದೆ, ಇರಲಿ.

ನಾಲ್ಕೂ ಹೋಗಿ ಅಂಟಿಕೊಳ್ಳುವುದು ಮುಖ್ಯವಾಗಿ ಒಂದೇ ಕಡೆ: ಡೋಪಮಿನ್ ಎಂಬ ಸಂದೇಶ ಒಯ್ಯುವ ರಾಸಾಯನಿಕವನ್ನು ಮಿದುಳಿನಲ್ಲಿ ಹಿಡಿದುಕೊಳ್ಳುವ ಡಿ2 ಎಂಬ ಗ್ರಾಹಕಕ್ಕೆ. ಈ ಗ್ರಾಹಕವನ್ನು ಔಷಧ ಎಷ್ಟು ಬಿಗಿಯಾಗಿ ಹಿಡಿಯುತ್ತದೆಯೋ ಅಷ್ಟು ಕಡಿಮೆ ಪ್ರಮಾಣ ಸಾಕಾಗುತ್ತದೆ ಎಂಬುದನ್ನು 1970ರ ದಶಕದ ನಡುವಿನಲ್ಲಿ ಟೊರಾಂಟೊದ ಫಿಲಿಪ್ ಸೀಮನ್ ತೋರಿಸಿದರು. ಹ್ಯಾಲೊಪೆರಿಡಾಲ್ ಕೆಲವೇ ಮಿಲಿಗ್ರಾಂ ಸಾಕಾಗಿ, ಹಳೆಯ ಕ್ಲೋರ್‌ಪ್ರೊಮಜೀನ್ ನೂರಾರು ಮಿಲಿಗ್ರಾಂ ಬೇಕಾಗುವುದು ಇದೇ ಕಾರಣಕ್ಕೆ. ಕಾಯಿಲೆ ಜೋರಾಗಿದ್ದಾಗ ಮಿದುಳಿನ ಒಳಭಾಗದಲ್ಲಿ ಡೋಪಮಿನ್ ಮಿತಿಮೀರಿ ಹೊಮ್ಮುತ್ತದೆ; ಯಾವುದಕ್ಕೂ ಸಂಬಂಧವಿಲ್ಲದ ಸಂಗತಿ ನಮ್ಮನ್ನೇ ಕುರಿತದ್ದು ಅನ್ನಿಸತೊಡಗುತ್ತದೆ. ಆಕಾಶವಾಣಿಯ ಪ್ರದೇಶ ಸಮಾಚಾರ ನನ್ನೊಬ್ಬಳಿಗಾಗಿಯೇ ಪ್ರಸಾರವಾಗುತ್ತಿತ್ತು. ಆದರೆ ಇದೇ ಡೋಪಮಿನ್ ಕೈಕಾಲುಗಳ ಚಲನೆಯನ್ನೂ ನಡೆಸುತ್ತದೆ, ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿಗೆ ಕಡಿವಾಣವನ್ನೂ ಹಾಕುತ್ತದೆ. ನುಂಗಿದ ಮಾತ್ರೆಗೆ ಇದು ಬೇಕಾದ ಜಾಗ, ಅದು ಬೇಡದ ಜಾಗ ಎಂಬ ವಿವೇಕವಿಲ್ಲ.

ಆ ಅವಿವೇಕ ನನಗೆ ಮೊದಲು ತಿಳಿದದ್ದು ಹ್ಯಾಲೊಪೆರಿಡಾಲ್‌ನಿಂದ. ಧ್ವನಿಗಳು ಬೇಗ ಹಿಂದೆ ಸರಿದವು, ನಿಜ. ಆದರೆ ಕತ್ತು ಒಂದು ಪಕ್ಕಕ್ಕೆ ಎಳೆದುಕೊಂಡು ದವಡೆ ಬಿಗಿಯಿತು. ಚುಚ್ಚುಮದ್ದು ಕೊಟ್ಟ ಮೇಲೆಯೇ ಸಡಿಲವಾದದ್ದು. ಆಮೇಲೆ ನಡಿಗೆ ಗಟ್ಟಿಯಾಯಿತು, ನಡೆಯುವಾಗ ತೋಳು ಬೀಸುವುದೇ ನಿಂತಿತು. ಅದಕ್ಕೆಂದು ಜೊತೆಗೆ ಟ್ರೈಹೆಕ್ಸಿಫೆನಿಡಿಲ್ ಕೊಟ್ಟರು. ಅದು ಬಿಗಿತ ಕಳೆದು ಬಾಯಿ ಒಣಗಿಸಿತು, ಹತ್ತಿರದ ಅಕ್ಷರಗಳನ್ನು ಮಸುಕಾಗಿಸಿತು. ಅರ್ಕಾವೊತ್ತು ಕಾಣದ ಕರಡು ತಿದ್ದುವವಳಿಗೆ ಯಾರು ಕೆಲಸ ಕೊಡುತ್ತಾರೆ? ಪ್ರಮಾಣದ ಪ್ರಶ್ನೆಯೂ ಇದರಲ್ಲಿದೆ. 2000ದಲ್ಲಿ ಟೊರಾಂಟೊದಲ್ಲೇ ಶಿತಿಜ್ ಕಪೂರ್ ಮತ್ತು ಸಂಗಡಿಗರು ಮೊದಲ ಬಾರಿ ಕಾಯಿಲೆಗೆ ಬಿದ್ದವರಿಗೆ ಹ್ಯಾಲೊಪೆರಿಡಾಲ್ ಕೊಟ್ಟು ಮಿದುಳಿನ ಪೆಟ್ ಸ್ಕ್ಯಾನ್ ಮಾಡಿದರು. ಡಿ2 ಗ್ರಾಹಕಗಳಲ್ಲಿ ಸುಮಾರು 65% ಮುಚ್ಚಿದಾಗ ಗುಣ ಕಾಣಿಸಿತು, 72% ದಾಟಿದರೆ ಪ್ರೊಲ್ಯಾಕ್ಟಿನ್ ಏರಿತು, 78% ದಾಟಿದರೆ ಬಿಗಿತ ಮತ್ತು ಚಡಪಡಿಕೆ ಶುರುವಾದವು. ಗುಣಕ್ಕೂ ಹಿಂಸೆಗೂ ನಡುವೆ ಇರುವ ಜಾಗ ಅಷ್ಟೇ ಇಕ್ಕಟ್ಟಿನದು.

ರಿಸ್ಪೆರಿಡೋನ್‌ನಲ್ಲಿ ಕತ್ತು ಎಳೆಯಲಿಲ್ಲ, ಕಣ್ಣು ಮಂಜಾಗಲಿಲ್ಲ. ಮುಟ್ಟು ನಿಂತಿತು. ಎದೆಯಲ್ಲಿ ಹಾಲು ಜಿನುಗಿತು. ಮದುವೆಯಾಗದ ಹೆಣ್ಣಿಗೆ ಹೀಗಾದರೆ ಮನೆಯಲ್ಲಿ ಏಳುವ ಮೊದಲ ಅನುಮಾನ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಪ್ರೊಲ್ಯಾಕ್ಟಿನ್ ಸ್ರವಿಸುವ ಪಿಟ್ಯುಟರಿ ಗ್ರಂಥಿ, ರಕ್ತದಲ್ಲಿನ ವಸ್ತುಗಳು ಮಿದುಳಿಗೆ ಸುಲಭವಾಗಿ ನುಗ್ಗದಂತೆ ಕಾಯುವ ತಡೆಯ ಹೊರಗಿದೆ. ರಿಸ್ಪೆರಿಡೋನ್ ಅಲ್ಲಿಗೆ ಸಲೀಸಾಗಿ ತಲುಪಿ ಪ್ರೊಲ್ಯಾಕ್ಟಿನ್ ಮೇಲಿನ ಕಡಿವಾಣ ಕಳಚುತ್ತದೆ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುವ ವಿಷಯ ಇದು. ಹೀಗಾಗಬಹುದು ಎಂದು ಮಾತ್ರೆ ಬರೆಯುವಾಗಲೇ ಹೇಳಿದ್ದರೆ ಅವ್ವ ಅಷ್ಟು ರಾತ್ರಿ ನಿದ್ದೆಗೆಡಬೇಕಾಗಿರಲಿಲ್ಲ.

ನಿಜವಾದ ಪೈಪೋಟಿ ಉಳಿದ ಎರಡರ ನಡುವೆ.

ಒಲಾಂಜಪೈನ್ ಮನಸ್ಸಿಗೆ ಹಿತ, ದೇಹಕ್ಕೆ ದುಬಾರಿ. ರಾತ್ರಿ ನುಂಗಿದರೆ ನಿದ್ದೆ ತಾನಾಗಿ ಬರುತ್ತಿತ್ತು. ಭಯ, ಅನುಮಾನ, ಯಾರೋ ಹಿಂದೆ ನಿಂತಂತೆ ಅನ್ನಿಸುವುದು, ಎಲ್ಲವೂ ಇಳಿದವು. ನಾಲ್ಕರಲ್ಲಿ ಇಷ್ಟು ನೆಮ್ಮದಿ ಕೊಟ್ಟದ್ದು ಇನ್ನೊಂದಿಲ್ಲ. ಆದರೆ ಇದು ಡಿ2 ಜೊತೆಗೆ ಹಿಸ್ಟಮಿನ್ ಮತ್ತು ಸಿರೊಟೋನಿನ್ ಗ್ರಾಹಕಗಳನ್ನೂ ತಡೆಯುತ್ತದೆ. ಅದರಿಂದ ಹುಟ್ಟುವ ಹಸಿವು ಹೊಟ್ಟೆಯದಲ್ಲ, ತಲೆಯದು. ಉಂಡು ಕೈ ತೊಳೆದು ಬಂದರೂ ಕಣ್ಣು ರೊಟ್ಟಿಯ ಬುಟ್ಟಿಯ ಕಡೆಗೇ. “ಈಗ ಚೆಂದ ಉಣ್ಣುತ್ತಿದ್ದೀಯ” ಎಂದು ಅವ್ವ ಮೊದಮೊದಲು ಖುಷಿಪಟ್ಟಳು. ರವಿಕೆಗಳೆಲ್ಲ ಬಿಗಿಯಾಗಿ, ಖಾಲಿ ಹೊಟ್ಟೆಯ ಸಕ್ಕರೆ ಏರತೊಡಗಿದ ಮೇಲೆ ಆ ಖುಷಿ ಹೋಯಿತು. ಕೆಲಸದ ಮಟ್ಟಿಗೆ, ಬೆಳಗಿನ ಹೊತ್ತು ತಲೆ ಭಾರ. ಮಧ್ಯಾಹ್ನದ ನಂತರ ಒಂದು ಫಾರಂ ಆರಾಮವಾಗಿ ಮುಗಿಯುತ್ತಿತ್ತು. (ಬೀಡಿ, ಸಿಗರೇಟು ಸೇದುವವರಿಗೆ ಒಂದು ಮಾತು: ಹೊಗೆಯಿಂದ ರಕ್ತದಲ್ಲಿ ಒಲಾಂಜಪೈನ್ ಮಟ್ಟ ಇಳಿಯುತ್ತದೆ, ಸೇದುವುದನ್ನು ಬಿಟ್ಟರೆ ಏರುತ್ತದೆ. ಎರಡನ್ನೂ ವೈದ್ಯರಿಗೆ ತಿಳಿಸಬೇಕು.)

ಅರಿಪಿಪ್ರಜೋಲ್ ಕೆಲಸ ಮಾಡುವ ಬಗೆಯೇ ಬೇರೆ. ಉಳಿದವು ಡಿ2 ಗ್ರಾಹಕದಲ್ಲಿ ಒಲೆಯನ್ನು ಪೂರ್ತಿ ಆರಿಸಿದರೆ ಇದು ಉರಿಯನ್ನು ಸಣ್ಣದು ಮಾಡಿ ಬಿಡುತ್ತದೆ. ಆದ್ದರಿಂದಲೇ ಸ್ಕ್ಯಾನ್‌ನಲ್ಲಿ 80%ಕ್ಕಿಂತ ಹೆಚ್ಚು ಗ್ರಾಹಕಗಳನ್ನು ಇದು ಹಿಡಿದಿರುವುದು ಕಂಡರೂ ಹ್ಯಾಲೊಪೆರಿಡಾಲ್‌ನಂಥ ಬಿಗಿತ ಅಪರೂಪ. ಪ್ರೊಲ್ಯಾಕ್ಟಿನ್ ಏರುವ ಬದಲು ಇಳಿಯುತ್ತದೆ. ನನ್ನ ಮುಟ್ಟು ಸರಿಹೋಯಿತು, ಹಸಿವು ಮನುಷ್ಯರ ಹಸಿವಾಯಿತು. ಆದರೆ ಮೊದಲ ವಾರಗಳನ್ನು ಯಾರೂ ಬಣ್ಣಿಸದಿರುವುದು ಆಶ್ಚರ್ಯ. ಕಾಲುಗಳ ಒಳಗಿನಿಂದ ಯಾರೋ ಏಳು, ಏಳು ಎಂದು ತಳ್ಳಿದಂತೆ. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ಫಾರಂ ಇರಲಿ, ಒಂದು ಪುಟ ಮುಗಿಯುವಷ್ಟರಲ್ಲಿ ಅಂಗಳದಲ್ಲಿರುತ್ತಿದ್ದೆ. ಇದನ್ನು ಕಾಯಿಲೆಯೇ ಮರುಕಳಿಸಿತು ಎಂದು ತಿಳಿದು ಮಾತ್ರೆ ಹೆಚ್ಚಿಸಿದರೆ ಚಡಪಡಿಕೆ ಇನ್ನೂ ಹೆಚ್ಚುತ್ತದೆ. ನನ್ನ ವೈದ್ಯೆ ಪ್ರಮಾಣ ಇಳಿಸಿ ಚಡಪಡಿಕೆ ತಗ್ಗಿಸುವ ಪ್ರೊಪ್ರನೊಲಾಲ್ ಸೇರಿಸಿದರು, ಮಾತ್ರೆಯನ್ನು ಬೆಳಗಿನ ತಿಂಡಿಯ ನಂತರಕ್ಕೆ ಬದಲಿಸಿದರು. ನಿಧಾನವಾಗಿ ಇಳಿಯಿತು. ಈಗ ಬೆಳಿಗ್ಗೆಯೇ ಒಂದು ಫಾರಂ ಮುಗಿಯುತ್ತದೆ, ಅದೂ ಚುರುಕಾಗಿ. ಇದರ ಅರ್ಧಾಯು, ಅಂದರೆ ರಕ್ತದಲ್ಲಿ ಇದರ ಮಟ್ಟ ಅರ್ಧಕ್ಕೆ ಇಳಿಯಲು ಬೇಕಾದ ಸಮಯ, ಸುಮಾರು 75 ಗಂಟೆ. ಒಂದು ದಿನ ತಪ್ಪಿದರೆ ಕೂಡಲೇ ಏರುಪೇರಾಗುವುದಿಲ್ಲ. ಹಾಗೆಂದು ತಪ್ಪಿಸುವ ಅಭ್ಯಾಸ ಬೇಡ.

ಹಾಗಾದರೆ ಅರಿಪಿಪ್ರಜೋಲ್ ಗೆದ್ದಿತೇ? ದಿನನಿತ್ಯಕ್ಕೆ ಹೌದು, ಬಿಕ್ಕಟ್ಟಿಗೆ ಅಲ್ಲ. ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಕೇಟಿ ಎಂಬ ದೊಡ್ಡ ಅಧ್ಯಯನದಲ್ಲಿ 18 ತಿಂಗಳೊಳಗೆ 74% ಜನ ಮೊದಲು ಕೊಟ್ಟ ಮಾತ್ರೆಯನ್ನು ಬಿಟ್ಟರು. ಒಲಾಂಜಪೈನ್ ಕೊಟ್ಟವರಲ್ಲಿ ಅದನ್ನು ಬಿಟ್ಟವರು 64%. ಅದರಲ್ಲಿ ಅರಿಪಿಪ್ರಜೋಲ್ ಮೊದಲ ಸುತ್ತಿಗೆ ಇರಲಿಲ್ಲ, ಹೋಲಿಸಲು ಬರುವುದಿಲ್ಲ. ಆದರೂ ಒಲಾಂಜಪೈನ್ ಜೊತೆ ಜನ ಹೆಚ್ಚು ಕಾಲ ಉಳಿದರು ಎಂಬುದು ನನ್ನ ಅನುಭವಕ್ಕೆ ಸರಿಹೊಂದುತ್ತದೆ: ಮನಸ್ಸು ಹೊತ್ತಿ ಉರಿಯುವಾಗ ತೂಕದ ಚಿಂತೆ ಯಾರಿಗೂ ಇರುವುದಿಲ್ಲ. ಎರಡು ಔಷಧ ಸೋತವರಿಗೆ ಕೊಡುವ ಕ್ಲೋಜಪೈನ್ ನನಗೆ ಬೇಕಾಗಲಿಲ್ಲ. ಅದು ಡಿ2 ಅನ್ನು ಸಡಿಲವಾಗಿ ಹಿಡಿದೂ ಉಳಿದವು ಸೋತಲ್ಲಿ ಗೆಲ್ಲುತ್ತದೆ, ಆದರೆ ಬಿಳಿರಕ್ತಕಣಗಳು ಕುಸಿಯುವ ಅಪಾಯವಿರುವುದರಿಂದ ಮತ್ತೆ ಮತ್ತೆ ರಕ್ತಪರೀಕ್ಷೆ ಮಾಡಿಸಬೇಕು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಮುಂದೆ ಕಾಯಿಲೆ ಉಲ್ಬಣಿಸಿದರೆ ನಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ವಯಸ್ಕರು ಮೊದಲೇ ಬರೆದಿಡಬಹುದು, ನಮ್ಮ ಪರವಾಗಿ ಮಾತಾಡುವವರನ್ನೂ ಹೆಸರಿಸಬಹುದು. ನಾನು ಅಕ್ಕನನ್ನು ಹೆಸರಿಸಿದ್ದೇನೆ. ಮೊದಲು ಒಲಾಂಜಪೈನ್, ತಣ್ಣಗಾದ ಮೇಲೆ ನಿಧಾನವಾಗಿ ಅರಿಪಿಪ್ರಜೋಲ್‌ಗೆ ಮರಳುವುದು, ರಿಸ್ಪೆರಿಡೋನ್ ಬೇಡ ಎಂದು ಬರೆದಿದ್ದೇನೆ. ತುರ್ತು ಚಿಕಿತ್ಸೆಗೆ ಈ ನಿರ್ದೇಶನ ಅನ್ವಯಿಸುವುದಿಲ್ಲವೆಂದು ಕಾಯ್ದೆಯೇ ಹೇಳುತ್ತದೆ. ಹಾಗಾಗಿ, ಹ್ಯಾಲೊಪೆರಿಡಾಲ್ ಚುಚ್ಚಲೇಬೇಕಾಗಿ ಬಂದರೆ ಜೊತೆಗೆ ಪ್ರೊಮೆಥಜೀನ್ ಕೊಡಿ, ಇಲ್ಲದಿದ್ದರೆ ಕತ್ತು ಎಳೆಯುತ್ತದೆ ಎಂದು ಕೊನೆಗೆ ಒಂದು ಸಾಲು ಸೇರಿಸಿ ಪ್ರತಿಯನ್ನು ಅಕ್ಕನ ಕೈಗೆ ಕೊಟ್ಟಿದ್ದೇನೆ.