ಹೊಸ ಗುಲಾಬಿ ತಳಿಯ ಕಡ್ಡಿಯನ್ನು ‘ಟ್ರಯಲ್‌ಗೆ’ ಅಂತ ಯಾರಿಗೂ ಕೊಡಬೇಡಿ

ಕ್ರಾಸ್ ಮಾಡಿ (ಒಂದು ಗುಲಾಬಿಯ ಪರಾಗವನ್ನು ಇನ್ನೊಂದಕ್ಕೆ ಸೇರಿಸಿ) ಹೊಸ ಗುಲಾಬಿ ತೆಗೆಯುವವರು, ಮನೆಯಲ್ಲಿ ಒಂದೇ ಒಂದು ಒಳ್ಳೆಯ ಸೀಡ್ಲಿಂಗ್ (ಆ ಬೀಜದಿಂದ ಎದ್ದ ಗಿಡ) ಇಟ್ಟುಕೊಂಡಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನರ್ಸರಿಯವರು ಬಂದು ‘ಹತ್ತು ಕಡ್ಡಿ ಕೊಡಿ ಮೇಡಂ, ನಮ್ಮ ಪಾಲಿಹೌಸಲ್ಲಿ ಹೇಗೆ ಬರುತ್ತೆ ನೋಡೋಣ’ ಅಂದರೆ ಕೊಡಬೇಡಿ. ಸಹಿ ಹಾಕಿದ ಕಾಗದ ಇಲ್ಲದೆ ಕೊಡಲೇಬೇಡಿ. ಕೊರಿಯರ್ ಖರ್ಚು, ಪ್ಯಾಕಿಂಗ್ ಖರ್ಚು, ಯಾವ ಹೆಸರಲ್ಲಿ ದುಡ್ಡು ಬಂದರೂ ಮುಟ್ಟಬೇಡಿ. ನಾನು ಕಡ್ಡಿಯನ್ನೂ ಕೊಟ್ಟೆ, ದುಡ್ಡನ್ನೂ ಮುಟ್ಟಿದೆ. ಇವತ್ತು ಅದೇ ಗಿಡ ಬೇರೆ ಹೆಸರು ಹೊತ್ತು 450 ರೂಪಾಯಿಗೆ ಮಾರಾಟವಾಗುತ್ತಿದೆ.

ಗುಲಾಬಿಯಲ್ಲಿ ಕಡ್ಡಿ ಕೊಡುವುದೆಂದರೆ ತಳಿಯನ್ನೇ ಕೊಟ್ಟಂತೆ. ಹೂವು ಕೊಟ್ಟರೆ ಬಾಡುತ್ತದೆ. ಬೀಜ ಕೊಟ್ಟರೆ ಹುಟ್ಟುವುದು ಬೇರೆಯೇ ಗಿಡ. ಆದರೆ ಹೂ ಉದುರಿದ, ಪೆನ್ಸಿಲ್ ದಪ್ಪದ, ಮುಳ್ಳನ್ನು ಪಕ್ಕಕ್ಕೆ ಒತ್ತಿದರೆ ಪಟಕ್ಕನೆ ಕಳಚುವಷ್ಟು ಬಲಿತ ಒಂದು ಕಡ್ಡಿಯಲ್ಲಿ ಐದಾರು ಕಣ್ಣು, ಅಂದರೆ ಚಿಗುರೊಡೆಯುವ ಮೊಗ್ಗು, ಇರುತ್ತವೆ. ಒಂದೊಂದು ಕಣ್ಣೂ ಒಂದೊಂದು ಗಿಡ. ನಾನು ಕೊಟ್ಟದ್ದು 12 ಕಡ್ಡಿ. ಅಂದರೆ 60ರಿಂದ 70 ಕಣ್ಣು. ನವೆಂಬರ್‌ನಲ್ಲಿ ಮಲ್ಟಿಫ್ಲೋರಾ ಬೇರುಸಸಿಗೆ (ಬೇರಿಗಾಗಿಯೇ ಬೆಳೆಸುವ ಕಾಡುಗುಲಾಬಿಗೆ) ಟಿ ಆಕಾರದಲ್ಲಿ ಸಿಪ್ಪೆ ಸೀಳಿ ಕಣ್ಣು ಕೂರಿಸಿದರೆ ಪಳಗಿದ ಕೈಗೆ ನೂರಕ್ಕೆ 70 ಹಿಡಿದವು ಅಂತಿಟ್ಟುಕೊಳ್ಳಿ, 45 ಗಿಡ ಆಯಿತು. ಏಪ್ರಿಲ್ ಹೊತ್ತಿಗೆ ಗಿಡಕ್ಕೆ ನಾಲ್ಕು ಕಡ್ಡಿ ಕತ್ತರಿಸಿದರೆ 180 ಕಡ್ಡಿ, 900 ಕಣ್ಣು. ಮುಂದಿನ ಚಳಿಗಾಲಕ್ಕೆ ಆರುನೂರು ಗಿಡ ಮಾರಾಟಕ್ಕೆ ಸಿದ್ಧ. ಈ ಲೆಕ್ಕ ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದೂ ಕೊಟ್ಟೆ. ಬರೆಯಲು ನಾಚಿಕೆಯಾಗುವುದು ಅದಕ್ಕೇ.

ಆ ಕಡ್ಡಿಯ ಹಿಂದೆ ಏನಿತ್ತು ಅಂತ ಹೇಳಬೇಕು. ಯಾಕೆಂದರೆ ಆಮೇಲೆ ನನ್ನಿಂದ ಕಡ್ಡಿ ಪಡೆದ ನರ್ಸರಿಯ ಮಾಲೀಕರು ‘ಗುಲಾಬಿ ಗಿಡ ತಾನೇ ಮೇಡಂ’ ಅಂದರು.

ಡಿಸೆಂಬರ್ 2017ರ ಕ್ರಾಸ್ ಅದು. ತಾಯಿ ಹೂವನ್ನು ಮೂರನೇ ಒಂದು ಪಾಲು ಬಿಚ್ಚಿದಾಗಲೇ ಹಿಡಿಯಬೇಕು. ದಳ ಕಿತ್ತು, ಪರಾಗಕೋಶ ಒಡೆಯುವ ಮೊದಲೇ ಚಿಮುಟದಿಂದ ಅಷ್ಟನ್ನೂ ತೆಗೆದು, ಬಟರ್ ಪೇಪರ್ ಚೀಲ ಕಟ್ಟಬೇಕು. ಒಂದೇ ಒಂದು ಕೋಶ ಉಳಿದು ಒಡೆದರೂ ಆ ಹೂವಿನಲ್ಲಿ ಸ್ವಪರಾಗ ಸೇರಿತು, ನೀವು ಟ್ಯಾಗ್ ಮೇಲೆ ಬರೆದ ತಂದೆಯ ಹೆಸರಿಗೆ ಅರ್ಥವಿಲ್ಲ. ಮಾರನೇ ದಿನ ಶಲಾಕಾಗ್ರ (ಪರಾಗ ಹಿಡಿಯುವ ತುದಿ) ಅಂಟಂಟಾದಾಗ ತಂದೆ ಗಿಡದ ಪರಾಗ ಸವರಬೇಕು, ಅದರ ಮಾರನೇ ದಿನ ಇನ್ನೊಮ್ಮೆ. ಮೂರು ವಾರದಲ್ಲಿ ಕಾಯಿ ಹಸಿರಾಗಿಯೇ ಉಬ್ಬಿದರೆ ಕಚ್ಚಿದೆ ಅಂತ, ಹಳದಿಯಾಗಿ ತೊಟ್ಟು ಕಳಚಿದರೆ ಇಲ್ಲ. ನಾಲ್ಕು ತಿಂಗಳಿಗೆ ಕಾಯಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಬೀಜ ಬಿಡಿಸಿ ತೊಳೆದು, ತೇವದ ಕೋಕೋಪೀಟಿನಲ್ಲಿ ಇಟ್ಟು ಫ್ರಿಜ್‌ನಲ್ಲಿ 4 ಡಿಗ್ರಿಗೆ ಆರೆಂಟು ವಾರ. ಅಷ್ಟು ಮಾಡಿಯೂ ಹತ್ತರಲ್ಲಿ ಎರಡು ಮೂರು ಮೊಳೆತರೆ ಪುಣ್ಯ. ಮೊಳೆತವೂ ಒಂದು ದಿನ ನೀರು ಹೆಚ್ಚಾದರೆ ಬುಡ ಕೊಳೆತು ಮಲಗುತ್ತವೆ. 22 ಹೂವಿಗೆ ಕ್ರಾಸ್ ಮಾಡಿದ್ದಕ್ಕೆ ಕಚ್ಚಿದ್ದು 9 ಕಾಯಿ, ಬೀಜ 114, ಮೊಳೆತದ್ದು 31. ಅದರಲ್ಲಿ ನಾಲ್ಕನೆಯದು ಇದು. ಟ್ಯಾಗ್ ಮೇಲೆ ಬರೆದದ್ದು 17-4. ಈ ನಂಬರ್ ನೆನಪಿಟ್ಟುಕೊಳ್ಳಿ.

ಸೀಡ್ಲಿಂಗಿನ ಮೊದಲ ಹೂವು ಎರಡು ತಿಂಗಳಿಗೇ ಬರುತ್ತದೆ, ಅದನ್ನು ನಂಬುವಂತಿಲ್ಲ. ದಳ ಕಡಿಮೆ, ಗಾತ್ರ ಸಣ್ಣದು. ಬೇರುಸಸಿಗೆ ಕಣ್ಣು ಕೂರಿಸಿ ಬೆಳೆಸಿದ ಮೇಲೆಯೇ ನಿಜವಾದ ಹೂವು ಕಾಣುವುದು. ಆಮೇಲೆ ಔಷಧಿ ಹೊಡೆಯದೆ ಬಿಟ್ಟು ಮಳೆಗಾಲದಲ್ಲಿ ಕಪ್ಪುಚುಕ್ಕೆ ನೋಡಬೇಕು, ಚಳಿಯಲ್ಲಿ ಬೂದಿರೋಗ ನೋಡಬೇಕು. ಒಂದು ವರ್ಷ ಸಾಲದು, ಕನಿಷ್ಠ ಮೂರು ವರ್ಷ. ಉಳಿದ 30 ಗಿಡ ಒಂದೊಂದಾಗಿ ಕಾಂಪೋಸ್ಟ್ ಗುಂಡಿಗೆ ಹೋದವು. ಉಳಿದದ್ದು ಇದೊಂದೇ.

ನವೆಂಬರ್ 2022ರಲ್ಲಿ ಆ ನರ್ಸರಿಯವರ ಜೊತೆ ಮಾತುಕತೆಯಾಯಿತು. ಎಲ್ಲ ಮಾಮೂಲಿಯಂತೆಯೇ ಇತ್ತು: ಮೊದಲು ಟ್ರಯಲ್, ಚೆನ್ನಾಗಿ ಬಂದರೆ ಕರಾರು, ಗಿಡಕ್ಕೆ ಇಷ್ಟು ಅಂತ ರಾಯಲ್ಟಿ. ‘ಕರಾರು ಆಮೇಲೆ ಮಾಡ್ಕೊಳ್ಳೋಣ, ಇನ್ನೂ ಹೆಸರೇ ಇಟ್ಟಿಲ್ವಲ್ಲ, ಏನಂತ ಬರೆಯೋದು?’ ಅಂದರು. ಹೌದಲ್ಲ ಅನ್ನಿಸಿತು. ಕಡ್ಡಿ ಕಳಿಸಿದ ಮಾರನೇ ದಿನ ಯುಪಿಐನಲ್ಲಿ 3,000 ರೂಪಾಯಿ ಬಂತು. ಬೇಡ ಅಂದೆ. ‘ಕೊರಿಯರ್, ಪ್ಯಾಕಿಂಗ್ ಅಂತ ಕೈಯಿಂದ ಹಾಕಿದ್ದೀರಿ, ಇರಲಿ’ ಅಂದರು. ಇಟ್ಟುಕೊಂಡೆ. ಆ ಪಾವತಿಯ ಜೊತೆ ಟಿಪ್ಪಣಿಯಲ್ಲಿ ‘ರೋಸ್ ಪ್ಲಾಂಟ್ಸ್ ಪೇಮೆಂಟ್’ ಅಂತ ಬರೆದಿತ್ತು. ಅದನ್ನು ನಾನು ಓದಿದ್ದು 14 ತಿಂಗಳಾದ ಮೇಲೆ.

ಫೆಬ್ರವರಿ 2023ರಲ್ಲಿ ಮೆಸೇಜು ಬಂತು: ‘ಮೇಡಂ, ಬ್ಯಾಡ್ ನ್ಯೂಸ್. ಡೌನಿ ಬಂದು ಎಲ್ಲಾ ಹೋಯ್ತು. ಕಿತ್ತು ಸುಟ್ಟುಬಿಟ್ವಿ.’ ಡೌನಿ ಅಂದರೆ ತೇವಕ್ಕೆ ಎಲೆಗೆ ಬರುವ ಒಂದು ರೋಗ. ಜೊತೆಗೆ ಒಂದು ಫೋಟೋ.

ಆ ಫೋಟೋವನ್ನು ಆವತ್ತು ಸರಿಯಾಗಿ ನೋಡಿದ್ದರೆ ಸಾಕಿತ್ತು. ಡೌನಿ ಕಲೆ ನೇರಳೆ ಕೆಂಪಿಗಿರುತ್ತದೆ, ಎಲೆಯ ನರಗಳ ನಡುವೆ ಸಿಕ್ಕಿಕೊಂಡು ಮೂಲೆಮೂಲೆಯಾಗಿ ಹರಡುತ್ತದೆ. ಫೋಟೋದಲ್ಲಿದ್ದದ್ದು ದುಂಡಗಿನ, ಅಂಚು ಚೆದುರಿದ ಕಪ್ಪು ಕಲೆ, ಸುತ್ತ ಹಳದಿ. ಅದು ಕಪ್ಪುಚುಕ್ಕೆ. ಮೂರು ಮಳೆಗಾಲ ಔಷಧಿ ಇಲ್ಲದೆ ನಿಂತಾಗಲೂ 17-4ಕ್ಕೆ ಯಾವ ರೋಗ ಬಂದಿರಲಿಲ್ಲವೋ ಅದೇ ರೋಗ! ಎಲೆಯೂ ಇದರದ್ದಲ್ಲ. 17-4ರ ಬಲಿತ ಎಲೆಯಲ್ಲಿ ಏಳು ಎಸಳು (ಕಿರುಎಲೆ), ಫೋಟೋದ ಎಲೆಯಲ್ಲಿ ಐದು. ಇನ್ನೂ ಒಂದು: ಡೌನಿ ಬಂದರೆ ಎಲೆ ಉದುರುತ್ತದೆ, ಚಿಗುರು ಸುಡುತ್ತದೆ, ಆದರೆ ತೇವ ಕಳೆದು ಗಾಳಿ ಬಿಸಿಲು ಆಡಿದರೆ ಬೇರುಸಸಿಯ ಮೇಲೆ ಕೂತ ಗಿಡ ಸಾಮಾನ್ಯವಾಗಿ ಮತ್ತೆ ಚಿಗುರುತ್ತದೆ. ಅಷ್ಟು ಗಿಡದಲ್ಲಿ ಒಂದೂ ಉಳಿಯಲಿಲ್ಲ ಅಂದರೆ ಏನರ್ಥ? ಇಷ್ಟೆಲ್ಲ ಗೊತ್ತಿದ್ದು ನಾನು ಬರೆದ ಉತ್ತರ: ‘ಪರವಾಗಿಲ್ಲ, ಮುಂದಿನ ವರ್ಷ ನೋಡೋಣ, ನೀವು ಬೇಜಾರು ಮಾಡ್ಕೋಬೇಡಿ.’ ಅವರಿಗೆ ನಾನೇ ಸಮಾಧಾನ ಹೇಳಿದ್ದೇನೆ. ಆ ಮೆಸೇಜು ಇನ್ನೂ ಫೋನಿನಲ್ಲಿದೆ.

ಜನವರಿ 2024ರಲ್ಲಿ ಅವರದೇ ವಾಟ್ಸಾಪ್ ಬೆಲೆಪಟ್ಟಿ ಯಾರೋ ಕಳಿಸಿದರು. ‘ನಮ್ಮದೇ ಹೊಸ ತಳಿ’, ಒಂದು ಚಂದದ ಹೆಸರು, 450 ರೂಪಾಯಿ. ಮಾರನೇ ದಿನವೇ ಹೋದೆ, ಗಿರಾಕಿಯಂತೆ.

ಬಣ್ಣ ನೋಡಿ ತೀರ್ಮಾನ ಮಾಡಲಿಲ್ಲ. ಬಿಸಿಲಿಗೆ ಬಣ್ಣ ತೆಳುವಾಗುತ್ತದೆ, ಬೇಸಿಗೆಯಲ್ಲಿ ದಳದ ಸಂಖ್ಯೆಯೂ ಇಳಿಯುತ್ತದೆ, ಅದನ್ನು ಹಿಡಿದು ವಾದ ಮಾಡಲಾಗದು. ಮೊದಲು ಹೂವಿನ ತೊಟ್ಟು ಸವರಿದೆ. ತೊಟ್ಟಿನ ತುಂಬ ಕೆಂಪು ತಲೆಯ ಅಂಟು ರೋಮ, ಬೆರಳಿಗೆ ರಾಳದ ವಾಸನೆ. ಹೂವಿನ ಕೆಳಗಿನ ಹಸಿರು ಪುಷ್ಪಪತ್ರದ ತುದಿಯಲ್ಲಿ ಎಲೆಯಂತೆ ಚಾಚಿದ ಬಾಲ. ಚಿಗುರಿನ ಮುಳ್ಳು ಕಡುಗೆಂಪು, ತುದಿ ಕೆಳಕ್ಕೆ ಬಾಗಿದ್ದು. ಏಳೆಸಳಿನ ಎಲೆ. ದಳದ ಒಳಗೆ ಏಪ್ರಿಕಾಟ್, ಬೆನ್ನಿಗೆ ತೆಳು ಹಳದಿ. ಕೈ ನಡುಗಿತು.

ಆಮೇಲೆ ಶೆಡ್ಡಿನ ಹಿಂಭಾಗದಲ್ಲಿ ಕಡ್ಡಿ ಕತ್ತರಿಸುವ ತಾಯಿಗಿಡಗಳ ಸಾಲಿಗೆ ಹೋದೆ. ಒಂದು ಕುಂಡದಲ್ಲಿ ಪ್ಲಾಸ್ಟಿಕ್ ಟ್ಯಾಗ್, ಅದರ ಮೇಲೆ ಪೆನ್ಸಿಲ್ಲಿನಲ್ಲಿ 17-4. ನಾನು ಕಡ್ಡಿ ಕಟ್ಟಿನ ಜೊತೆ ಕಳಿಸಿದ್ದ ಟ್ಯಾಗ್, ನನ್ನದೇ ಅಕ್ಷರ. ಮಾರ್ಕರ್ ಪೆನ್ನಿನಲ್ಲಿ ಬರೆದಿದ್ದರೆ ಒಂದು ಬೇಸಿಗೆಗೆ ಅಳಿಸಿಹೋಗುತ್ತಿತ್ತು, ಪೆನ್ಸಿಲ್ ಅಳಿಸುವುದಿಲ್ಲ. ಸುಟ್ಟುಬಿಟ್ಟೆವು ಅಂದ ಗಿಡ ಎದೆಯೆತ್ತರ ಬೆಳೆದು ನಿಂತಿತ್ತು. ಮೋಸ ಹೋದೆ ಅಂತ ಪೂರ್ತಿ ಅರ್ಥವಾದದ್ದು ಆ ಟ್ಯಾಗ್ ಮುಂದೆ.

ಮಾಲೀಕರನ್ನು ಕರೆದು ತೋರಿಸಿದೆ. ಕಣ್ಣು ಮಿಟುಕಿಸದೆ ಹೇಳಿದರು: ‘ಅದು ಹದಿನೇಳನೇ ಸಾಲು, ನಾಲ್ಕನೇ ಗಿಡ ಅಂತ ಮೇಡಂ.’ ಆ ಶೆಡ್ಡಿನಲ್ಲಿ ಇದ್ದದ್ದು ಒಂಬತ್ತು ಸಾಲು. ಎಣಿಸಿ ಹೇಳಿದೆ.

ಆಗ ಮಾತು ಬದಲಾಯಿತು. ‘ಇದು ನಮ್ಮ ಹಳೇ ಏಪ್ರಿಕಾಟ್ ಗಿಡದಲ್ಲಿ ಬಂದ ಸ್ಪೋರ್ಟ್.’ ಅಂದರೆ ಒಂದು ರೆಂಬೆಯಲ್ಲಿ ತಾನಾಗಿ ಆದ ಬದಲಾವಣೆಯಂತೆ. ಸ್ಪೋರ್ಟ್ ಅಂದರೆ ಸಾಮಾನ್ಯವಾಗಿ ಬಣ್ಣ ಬದಲಾಗುತ್ತದೆ, ಇಲ್ಲವೇ ಪೊದೆ ಗಿಡ ಬಳ್ಳಿಯಾಗುತ್ತದೆ. ಎಲೆ, ಮುಳ್ಳು, ತೊಟ್ಟು ಬಹುಮಟ್ಟಿಗೆ ಮೂಲದಂತೆಯೇ ಉಳಿಯುತ್ತವೆ. ಪೀಸ್ ಅನ್ನುವ ಹೆಸರಾಂತ ಗುಲಾಬಿಯ ಸ್ಪೋರ್ಟ್ ಚಿಕಾಗೋ ಪೀಸ್ ಬೆಳೆದವರಿಗೆ ಇದು ಗೊತ್ತು: ಹೂವಿನಲ್ಲಿ ಗುಲಾಬಿ ಬಣ್ಣ ಹೆಚ್ಚು, ಗಿಡ ಅದೇ. ಇವರು ತೋರಿಸಿದ ಹಳೇ ಏಪ್ರಿಕಾಟ್‌ನ ತೊಟ್ಟು ನುಣುಪು, ಎಲೆಗೆ ಐದೆಸಳು, ಮುಳ್ಳು ನೇರ. ಬಣ್ಣ, ತೊಟ್ಟು, ಎಲೆ, ಮುಳ್ಳು ಎಲ್ಲ ಒಟ್ಟಿಗೆ ಬದಲಾಗುವ ಸ್ಪೋರ್ಟ್ ನಾನಂತೂ ಎಲ್ಲೂ ಕಂಡಿಲ್ಲ.

ಅದನ್ನೂ ಹೇಳಿದೆ. ‘ಪೀಸ್ ಗುಲಾಬಿಗೇ ನಾಲ್ಕು ಹೆಸರಿದೆ, ಒಂದೇ ಗಿಡಕ್ಕೆ ಎರಡು ಹೆಸರಿದ್ರೆ ಏನು ತಪ್ಪು?’ ಅಂದರು. ಇದಕ್ಕೆ ನನಗೆ ಬಂದಷ್ಟು ಸಿಟ್ಟು ಉಳಿದ ಯಾವುದಕ್ಕೂ ಬರಲಿಲ್ಲ. ಪೀಸ್‌ಗೆ ಹೆಸರು ಹಲವು ಬಂದದ್ದು ಎರಡನೇ ಮಹಾಯುದ್ಧದ ಹೊತ್ತಿಗೆ ಫ್ರಾನ್ಸಿನ ಫ್ರಾನ್ಸಿಸ್ ಮೆಯಾಂ ತಾವೇ ಹೊರದೇಶಗಳಿಗೆ ಕಡ್ಡಿ ಕಳಿಸಿದ್ದರಿಂದ. ಜರ್ಮನಿಯಲ್ಲಿ ಗ್ಲೋರಿಯಾ ಡೇಯಿ ಆಯಿತು, ಇಟಲಿಯಲ್ಲಿ ಜೋಯಾ, ಅಮೆರಿಕದಲ್ಲಿ 1945ರಲ್ಲಿ ಪೀಸ್. ಹೆಸರು ಯಾವುದೇ ಇರಲಿ, ತಳಿ ತೆಗೆದವರು ಮೆಯಾಂ ಅಂತಲೇ ಎಲ್ಲೆಡೆ ದಾಖಲಾಗಿದೆ. ಇಲ್ಲಿ ಹೆಸರಿನ ಜೊತೆ ತೆಗೆದವರನ್ನೂ ಅಳಿಸಿದ್ದಾರೆ.

ಕೊನೆಗೆ ಫೋನ್ ತೆಗೆದು ಆ ಯುಪಿಐ ರಸೀದಿ ತೋರಿಸಿದರು. ‘ನೀವೇ ಮಾರಿದ್ದೀರಲ್ಲ ಮೇಡಂ. ದುಡ್ಡು ತಗೊಂಡಿದ್ದೀರಿ. ಗಿಡಕ್ಕೆ ಪೇಟೆಂಟ್ ಎಲ್ಲಿದೆ ಇಂಡಿಯಾದಲ್ಲಿ?’

ಪೇಟೆಂಟ್ ಇಲ್ಲ, ನಿಜ. ಆದರೆ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001 ಇದೆ, ಅದರಲ್ಲಿ ಗುಲಾಬಿಯನ್ನೂ ನೋಂದಾಯಿಸಬಹುದು. ತಳಿ ಹೊಸದಾಗಿರಬೇಕು, ಬೇರೆಯವುಗಳಿಗಿಂತ ಭಿನ್ನವಾಗಿರಬೇಕು, ಏಕರೂಪವಾಗಿರಬೇಕು, ಸ್ಥಿರವಾಗಿರಬೇಕು. ಎಡವಟ್ಟು ಆ ‘ಹೊಸದು’ ಅನ್ನುವುದರಲ್ಲಿದೆ. ತಳಿ ತೆಗೆದವರು ತಾವೇ ಅಥವಾ ತಮ್ಮ ಒಪ್ಪಿಗೆಯಿಂದ ಅರ್ಜಿಯ ದಿನಕ್ಕಿಂತ ಒಂದು ವರ್ಷಕ್ಕೂ ಹಿಂದೆಯೇ ಭಾರತದಲ್ಲಿ ಮಾರಿದ್ದರೆ ಅದು ಹೊಸದಲ್ಲ. ಬರೀ ಟ್ರಯಲ್‌ಗೆ ಕೊಟ್ಟರೆ ಹಕ್ಕಿಗೆ ಧಕ್ಕೆಯಿಲ್ಲ ಅಂತ ಕಾಯ್ದೆಯಲ್ಲೇ ಇದೆ. ಆದರೆ ಟ್ರಯಲ್ ಅಂತ ತೋರಿಸಲು ನನ್ನ ಹತ್ತಿರ ಒಂದು ಸಾಲಿನ ಬರಹವಿಲ್ಲ, ಎಲ್ಲ ಫೋನಿನ ಮಾತು. ಮಾರಾಟ ಅಂತ ತೋರಿಸಲು ಅವರ ಹತ್ತಿರ ರಸೀದಿ ಇದೆ. ಆವತ್ತಿಗೆ 14 ತಿಂಗಳಾಗಿತ್ತು, ಆ ಒಂದು ವರ್ಷ ದಾಟಿಹೋಗಿತ್ತು. 3,000 ರೂಪಾಯಿ ಯಾಕೆ ಬಂದಿತ್ತು ಅಂತ ಆಗ ಗೊತ್ತಾಯಿತು. ಕೊರಿಯರ್‌ಗಲ್ಲ. ಕೊರಿಯರ್‌ಗೆ ಅಲ್ಲವೇ ಅಲ್ಲ.

ಸೀಡ್ಲಿಂಗ್ ಇಟ್ಟುಕೊಂಡಿರುವವರು ಮಾಡಬೇಕಾದದ್ದು ಇಷ್ಟು. ಕಡ್ಡಿ ಕೊಡಬೇಡಿ, ತೀರಾ ಕೊಡಲೇಬೇಕಾದರೆ ಕಣ್ಣು ಕೂರಿಸಿ ಬೆಳೆಸಿದ ಗಿಡವನ್ನೇ ಮೂರೋ ನಾಲ್ಕೋ ಕೊಡಿ; ಅದರಿಂದಲೂ ಕಣ್ಣು ತೆಗೆಯಬಹುದು, ಆದರೆ ಎಣಿಸಿ ವಾಪಸ್ ಕೇಳಬಹುದು. ಕೊಡುವ ಮೊದಲು ಸ್ಟಾಂಪ್ ಪೇಪರಿನಲ್ಲಿ ಬರೆಸಿಕೊಳ್ಳಿ: ಸೀಡ್ಲಿಂಗ್ ನಂಬರ್, ಎಷ್ಟು ಗಿಡ, ಪರೀಕ್ಷೆಗೆ ಮಾತ್ರ, ಗಿಡ ಹೆಚ್ಚಿಸುವಂತಿಲ್ಲ, ಮಾರುವಂತಿಲ್ಲ, ಸತ್ತ ಗಿಡವನ್ನೂ ಬೇರುಸಮೇತ ಹಿಂತಿರುಗಿಸಬೇಕು. ‘ನಂಬಿಕೆ ಇಲ್ವಾ ಮೇಡಂ’ ಅಂದರೆ ಇಲ್ಲ ಅನ್ನಿ. ದುಡ್ಡು ಬಂದರೆ ಅದೇ ದಿನ ವಾಪಸ್ ಹಾಕಿ, ಯಾಕೆ ಅಂತ ಟಿಪ್ಪಣಿಯಲ್ಲಿ ಬರೆಯಿರಿ. ರೋಗ ಬಂತು ಅಂತ ಫೋಟೋ ಕಳಿಸಿದರೆ ಎಲೆಯ ಎರಡೂ ಮಗ್ಗುಲು, ತೊಟ್ಟು, ಮುಳ್ಳು ಕಾಣುವಂತೆ ಮತ್ತೆ ಕೇಳಿ.

ತಾಯಿ ಗಿಡ, ತಂದೆ ಗಿಡ ಎರಡನ್ನೂ ಯಾವ ಕಾರಣಕ್ಕೂ ಕಳೆದುಕೊಳ್ಳಬೇಡಿ. ಜಾಗವಿಲ್ಲ ಅಂತ ತಂದೆ ಗಿಡವನ್ನು ಎಸೆಯುವವರೇ ಹೆಚ್ಚು. ಡಿಎನ್ಎ ಪರೀಕ್ಷೆಯಲ್ಲಿ ಸೀಡ್ಲಿಂಗಿನ ಗುರುತುಗಳು ತಾಯಿಯಿಂದಲೋ ತಂದೆಯಿಂದಲೋ ಬಂದಿರಲೇಬೇಕು. ಸ್ಪೋರ್ಟ್ ಆದರೆ ಅದರ ಗುರುತು ಮೂಲ ಗಿಡದಂತೆಯೇ ಬರುತ್ತದೆ. ಅವರು ಹೇಳುವ ಹಳೇ ಏಪ್ರಿಕಾಟ್‌ಗೆ ಇದು ಹೊಂದದೆ, ನನ್ನ ಎರಡು ಗಿಡಕ್ಕೆ ಹೊಂದಿದರೆ ಅವರ ಸ್ಪೋರ್ಟ್ ಮಾತು ಅಲ್ಲಿಗೆ ಮುಗಿಯಿತು. ನನ್ನ ಕೈಯಲ್ಲಿ ಈಗ ಉಳಿದಿರುವುದು ಇದೊಂದೇ ದಾರಿ, ಅದೂ ಆ ಎರಡು ಗಿಡ ಇನ್ನೂ ಬದುಕಿರುವುದರಿಂದ. ಆವತ್ತೇ ಅಲ್ಲಿಂದ ಒಂದು ಗಿಡವನ್ನು ಬಿಲ್ ಹಾಕಿಸಿಯೇ ಕೊಂಡು ತಂದಿದ್ದೇನೆ.

2023ರ ಕೊನೆಯಿಂದ ಈಚೆಗೆ ಒಳಗೆ ಏಪ್ರಿಕಾಟ್, ಬೆನ್ನಿಗೆ ತೆಳು ಹಳದಿ ಇರುವ, ತೊಟ್ಟು ಸವರಿದರೆ ರಾಳದ ವಾಸನೆ ಬರುವ, ಏಳೆಸಳು ಎಲೆಯ ಗುಲಾಬಿಯನ್ನು ‘ನಮ್ಮದೇ ಹೊಸ ತಳಿ’ ಅಂತ ಯಾರಿಂದಲಾದರೂ ಕೊಂಡಿದ್ದರೆ ಬಿಲ್ ಎಸೆಯಬೇಡಿ, ಗಿಡದ ಜೊತೆ ಬಂದ ಟ್ಯಾಗ್ ಕೀಳಬೇಡಿ. ಆ ಗಿಡಗಳು ಯಾವ ತಿಂಗಳಿಂದ ಮಾರಾಟಕ್ಕೆ ಬಂದವು ಅನ್ನುವುದಕ್ಕೆ ನಿಮ್ಮ ಬಿಲ್ಲಿನ ತಾರೀಖು ಬೇಕಾಗುತ್ತದೆ.